ಜ್ವರಕ್ಕೆ ಕೂತ ಹುಳು

ಕೋಡಿಹಳ್ಳಿಯ ಸರಸಮ್ಮನಿಗೆ ಓದುಬರಹ ಬಾರದು. ಆದರೆ ರೇಷ್ಮೆಹುಳುವಿನ ಮುಖ ನೋಡಿ ಅದರ ಹಸಿವು, ನಿದ್ದೆ, ಸಿಟ್ಟು ಎಲ್ಲ ಹೇಳುತ್ತಾರೆ. ಹುಳುವಿಗೂ ಸಿಟ್ಟು ಬರುತ್ತದೆಯೇ ಎಂದು ಕೇಳಿ, ಪಕ್ಕದ ಮನೆಯ ನಾನು ಚೆನ್ನಾಗಿ ಬೈಸಿಕೊಂಡಿದ್ದೇನೆ.

ಮಗ ಅನಂತರಾಜು ಗ್ರಾನೈಟ್ ಫ್ಯಾಕ್ಟರಿಯಲ್ಲಿ ಕಲ್ಲಿಗೆ ಪಾಲಿಶ್ ಹಾಕುವವನು. ಕಾಲೇಜಿನ ದಿನಗಳಲ್ಲಿ ಕನಕಪುರದ ಮುನಾವರನ ವಿಡಿಯೋ ಗೇಮ್ ಅಂಗಡಿಯೇ ಅವನ ತರಗತಿ. ಉಳಿದವರೆಲ್ಲ ಕಾರಿನ ಆಟಕ್ಕೆ ಮುಗಿಬಿದ್ದರೆ, ಇವನು ಯಾರಿಗೂ ಬೇಡವಾದ ಒಂದು ಜಪಾನಿ ಕ್ಯಾಸೆಟ್ಟಿಗೆ ಗಂಟುಬಿದ್ದ. ಕತ್ತಿ ಹಿಡಿದ ಹುಡುಗಿಯೊಬ್ಬಳು ಊರೂರು ಅಲೆದು, ಸಿಕ್ಕವರನ್ನು ಮಾತಾಡಿಸಿ, ರಾಕ್ಷಸರನ್ನು ಹೊಡೆದು ಬಲ ಹೆಚ್ಚಿಸಿಕೊಳ್ಳುವ ಆಟ ಅದು. ಒಂದಕ್ಷರವೂ ತಿಳಿಯದು. ನಡುವೆ ಒಂದು ಗುಹೆ, ಅದರೊಳಗೆ ದಾರಿಗೆ ಅಡ್ಡವಾಗಿ ದೊಡ್ಡದೊಂದು ಹುಳು. ಎಷ್ಟು ಕಡಿದರೂ ಸಾಯದು. ಕ್ಯಾಸೆಟ್ಟೇ ಕೆಟ್ಟಿದೆ ಎನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾನು ರೇಗಿಸುತ್ತಿದ್ದೆ.

ಎರಡು ಸಾವಿರದ ಏಳರಲ್ಲಿ ಮುನಾವರ್ ಅಂಗಡಿ ಮುಚ್ಚಿದ. ಎಲ್ಲರೂ ಕಂಪ್ಯೂಟರ್ ಸೆಂಟರಿಗೆ ಹೋದ ಮೇಲೆ ಟೀವಿ ಆಟ ಯಾರಿಗೆ ಬೇಕು? ಶನಿವಾರ ಅನಂತರಾಜು ಹೋಗಿ ಆ ಕ್ಯಾಸೆಟ್ಟನ್ನೂ ಮೆಷಿನ್ನನ್ನೂ ಕೇಳಿದ.

"ಒಂದಿನ ಇಟ್ಕೊ ಅಣ್ಣ. ನಾಳೆ ಸಂಜೆ ಸಾಮಾನೆಲ್ಲ ಬೆಂಗ್ಳೂರಿಗೆ ಹೋಯ್ತದೆ," ಎಂದ ಮುನಾವರ್.

ಒಂದೇ ದಿನ. ಗುಹೆಯ ಆಚೆ ಏನಿದೆ ಎಂದು ಏಳು ವರ್ಷದಿಂದ ಕೊರಗಿದವನಿಗೆ ಇನ್ನೊಂದು ಅವಕಾಶವಿಲ್ಲ. ಭಾನುವಾರ ಬೆಳಗ್ಗೆಯೇ ಕೂತ. ಅವತ್ತು ಮನೆಯಲ್ಲಿ ಸಾಕಿದ್ದ ರೇಷ್ಮೆಹುಳುಗಳು ಮೂರನೇ ಜ್ವರಕ್ಕೆ ಕೂತಿದ್ದವು. ಪೊರೆ ಕಳಚುವ ಮುನ್ನ ಹುಳು ತಿನ್ನುವುದನ್ನು ಬಿಟ್ಟು ತಲೆ ಎತ್ತಿ ಕಲ್ಲಿನಂತೆ ಕೂರುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಅವತ್ತು ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ. ಸರಸಮ್ಮನಿಗೆ ರಜಾ. ಅವರೂ ಟೀವಿ ಮುಂದೆ ಬಂದು ಕೂತರು, ನಾನಂತೂ ಮೊದಲೇ ಕೂತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಗುಹೆ ಬಂತು. ಅನಂತರಾಜು ಕಡಿದ, ಕಡಿದ, ಬೆವತುಹೋದ. ಹುಳು ಅಲ್ಲಾಡಲಿಲ್ಲ.

"ಲೇ, ಯಾಕ್ಲಾ ಅದುನ್ನ ಹಂಗೆ ಹೊಡೀತಿಯಾ? ತಲೆ ಎತ್ಕಂಡು ಕುಂತೈತೆ, ಕಾಣಾಕಿಲ್ವಾ? ಜ್ವರ ಕಣ್ಲಾ ಅದುಕ್ಕೆ. ಒಸಿ ಸುಮ್ಕಿರು, ಅದೇ ಏಳ್ತದೆ," ಎಂದರು ಸರಸಮ್ಮ.

"ಅವ್ವ, ಇದು ಆಟ."

"ಆಟ್ದಾಗಿರೋದು ಹುಳ ಅಲ್ವಾ?"

ಬೇರೆ ದಾರಿಯಿರಲಿಲ್ಲ. ಅನಂತರಾಜು ಆಟ ಆಡಿಸುವ ರಿಮೋಟು ಕೆಳಗಿಟ್ಟ. ನಾವು ಮೂವರೂ ಮುದ್ದೆ ಉಂಡು ಕೈತೊಳೆದು ಬಂದು ನೋಡಿದರೆ, ಹುಳುವಿನ ಹಳೇ ಪೊರೆ ಬದಿಗೆ ಬಿದ್ದಿದೆ, ಹುಳು ಬೆಳ್ಳಗೆ ಮಿಂಚುತ್ತಾ ಬಾಯಾಡಿಸುತ್ತಿದೆ. ಅನಂತರಾಜು ರಿಮೋಟು ಎತ್ತಿಕೊಂಡ.

"ಎದ್ದೈತೆ. ಸೊಪ್ಪು ಹಾಕು, ಎಳೇದು," ಎಂದರು ಸರಸಮ್ಮ.

ಆಟದ ಹುಡುಗಿಯ ಗಾಯಕ್ಕೆಂದು ಉಳಿಸಿಕೊಂಡಿದ್ದ ಮದ್ದಿನೆಲೆಯನ್ನು ಹಾಕಿದ. ಹುಳು ತಿಂದಿತು, ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಆಚೆಗೆ ಬಿಸಿಲು, ಹೊಳೆ, ದೊಡ್ಡ ಊರು. ನಾನು ಕುಣಿದೇಬಿಟ್ಟೆ. ಅನಂತರಾಜು ಅವ್ವನ ಮುಖವನ್ನೇ ನೋಡುತ್ತಿದ್ದ. ಅವರು ಕೈ ಚಾಚಿ ರಿಮೋಟು ಇಸಿದುಕೊಂಡರು.

ಸಂಜೆ ಅನಂತರಾಜು ಬಸ್ಸಿನಲ್ಲಿ ಕನಕಪುರಕ್ಕೆ ಬರಿಗೈಯಲ್ಲಿ ಹೋದ. ಮುನಾವರ್ ಡಬ್ಬಗಳಿಗೆ ಹಗ್ಗ ಬಿಗಿಯುತ್ತಿದ್ದ.

"ಕ್ಯಾಸೆಟ್ ಎಲ್ಲಣ್ಣ?"

"ತರಾಕಾಗ್ಲಿಲ್ಲ ಕಣೋ. ಅವ್ವ ಆಡ್ತಾವ್ಳೆ."

ಮುನಾವರ್ ಕಟ್ಟಿದ ಹಗ್ಗ ಬಿಚ್ಚಿ, ಡಬ್ಬದಿಂದ ಇನ್ನೊಂದು ರಿಮೋಟು ತೆಗೆದು ಅವನ ಕೈಗಿಟ್ಟ.