ಪ್ಯಾರಾಶೂಟ್ ಹರಿದು ಕಟ್ಟಿದ ಪಟ್ಟಿ

ಮೊನ್ನೆ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ ಟಿಂಚರ್ ಬಾಟಲಿ ನನ್ನ ಕೈಜಾರಿ ಒಡೆಯಿತು. ಆ ಘಾಟು ಮೂಗಿಗೆ ಅಡರಿದ್ದೇ ತಡ, ನಮ್ಮೂರು ಮೊರಬದ ಬಾಜೂ ಮನೆಯ ಕಾಕಾ ಕಣ್ಣೆದುರು ನಿಂತರು...

ಕಾಕಾ ಸೈನ್ಯದಲ್ಲಿ ವಿಮಾನದಿಂದ ಪ್ಯಾರಾಶೂಟ್ ಕಟ್ಟಿಕೊಂಡು ಜಿಗಿಯುವ ಪಡೆಯಲ್ಲಿದ್ದವರು. ಗಾಯಾಳುಗಳಿಗೆ ಔಷಧೋಪಚಾರ ಮಾಡುವುದು ಅವರ ಕೆಲಸ. ನಿವೃತ್ತರಾಗಿ ಬಂದ ಮೇಲೂ, ಕುಡಗೋಲು ತಗಲಿದವರು, ಎತ್ತು ಹಾಯ್ದವರು ಮೊದಲು ಓಡುತ್ತಿದ್ದುದು ಸದಾ ಟಿಂಚರ್ ಘಾಟು ಹೊಡೆಯುತ್ತಿದ್ದ ಅವರ ಮನೆಗೇ.

ನಾನಾಗ ಧಾರವಾಡದಲ್ಲಿ ನರ್ಸಿಂಗ್ ಓದುತ್ತಿದ್ದೆ. ರಕ್ತ ಕಂಡರೆ ತಲೆ ತಿರುಗುತ್ತಿತ್ತು. ಇನ್ನು ಈ ಓದು ಸಾಕೆಂದು ಗಂಟುಮೂಟೆ ಸಮೇತ ಊರಿಗೆ ಬಂದುಬಿಟ್ಟೆ. ಕಾಕಾ ಕಟ್ಟೆಗೆ ಕರೆದು ಕೂರಿಸಿಕೊಂಡರು.

"ಯುದ್ಧದಾಗ ಜಿಗಿಯೂ ಮುಂದ ನನ್ನ ಕಾಲೂ ಗಡಗಡ ನಡುಗಿದ್ವು ತಂಗಿ. ವಿಮಾನದಾಗ ಜಿಗಿ ಅನ್ನೂ ಹಸರು ದೀಪ ಹತ್ತಿದ ಕೂಡ್ಲೆ ಹಾರೇಬಿಟ್ಟೆ!" ಎನ್ನುತ್ತಾ ಆ ವಯಸ್ಸಿನಲ್ಲೂ ಕಟ್ಟೆಯಿಂದ ದುಡುಮ್ಮನೆ ಜಿಗಿದರು. ಒಳಗಿನಿಂದ ಅವರ ಹೆಂಡತಿ ಕಾಕು, "ಹಲ್ಲು ಉದುರಿದ್ರೂ ಹಾರೂದು ಬಿಡಲಿಲ್ಲ ನೋಡವಾ ಇವರು!" ಎಂದು ಕೂಗಿದರು.

ಕಾಕಾ ಇಳಿದದ್ದು ಕೆರೆಯೊಂದರಲ್ಲಂತೆ. ಔಷಧದ ಚೀಲ ಮುಳುಗಿಹೋಯಿತು. ದಡ ಹತ್ತಿದರೆ, ಜೊತೆಗೆ ಜಿಗಿದ ಗೆಳೆಯನ ತೊಡೆಗೆ ಗುಂಡು ಬಿದ್ದು ರಕ್ತ ಚಿಮ್ಮುತ್ತಿದೆ! ಕಾಕಾ ತಮ್ಮ ಪ್ಯಾರಾಶೂಟನ್ನೇ ಚಾಕುವಿನಿಂದ ಸೀಳಿ ಬಿಗಿದು ಕಟ್ಟಿದರು. "ಕಣ್ಣಿಗೆ ಕತ್ತಲಿ ಬಂತು. ಆದ್ರ ಒತ್ತಿ ಹಿಡದ ಕೈ ಬಿಡಲಿಲ್ಲ. ಅಂವಾ ಬದುಕಿದಾ!" ಹೇಳುವಾಗ ಅವರ ಮುಖ ಹೊಳೆಯುತ್ತಿತ್ತು.

ಎರಡು ದಿನ ಕಳೆದಿರಬೇಕು... ಕಡಲೆ ರಾಶಿ ಮಾಡುವ ಮಷೀನಿಗೆ ಕೂಲಿಯ ಹೆಂಗಸೊಬ್ಬಳ ಕೈ ಸಿಕ್ಕಿತು. ಜನ ಅವಳನ್ನು ಕಾಕಾರ ಕಟ್ಟೆಗೆ ಹೊತ್ತು ತಂದರು. ನಾನೂ ಅಲ್ಲಿಗೆ ಓಡಿದೆ. ಕಾಕಾ ಪಟ್ಟಿಯ ಸುರುಳಿ ಬಿಚ್ಚಲು ಹೋದರು. ಬೆರಳು ನಡುಗಿ ಪಟ್ಟಿ ಕೆಳಗೆ ಬಿತ್ತು. ನನ್ನತ್ತ ತಿರುಗಿದರು.

"ನನ್ನ ಕೈ ನಿಲ್ಲವಲ್ಲವು. ನೀ ಕಟ್ಟು."

"ನನ್ನ ಕೈಲೆ ಆಗೂದಿಲ್ರಿ ಕಾಕಾ!"

"ತಲಿ ತಿರುಗಿದ್ರ ತಿರುಗಲಿ. ಕೈ ಬಿಡಬ್ಯಾಡ."

ಪಟ್ಟಿ ಒತ್ತಿ ಹಿಡಿದೆ. ಬೆಚ್ಚಗಿನ ರಕ್ತ ಬೆರಳ ಸಂದಿಯಿಂದ ಇಳಿಯಿತು. ಕಣ್ಣು ಮಂಜಾಯಿತು. ಆದರೂ ಬಿಡಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ರಕ್ತ ನಿಂತಿತು! ಓಣಿಗೆಲ್ಲ ಕೇಳುವಂತೆ ಕಾಕಾ "ಶಾಬ್ಬಾಸ್!" ಎಂದರು. ಆ ಹೆಂಗಸಿನ ಕೈ ಉಳಿಯಿತು. ನಾನು ಸೋಮವಾರದ ಮೊದಲ ಬಸ್ಸಿಗೇ ಧಾರವಾಡಕ್ಕೆ ಹೊರಟೆ.

ಕಾಕಾ ತೀರಿ ಮೂರು ವರ್ಷವಾಯಿತು. ಅಂದು ನಾನು ಡ್ಯೂಟಿಯಲ್ಲಿದ್ದೆ; ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ದಿನವೂ ಎಷ್ಟೋ ಜನರ ನಾಡಿ ಹಿಡಿಯುತ್ತೇನೆ... ಕಾಕಾರ ನಾಡಿ ಹಿಡಿಯಲು ಮಾತ್ರ ನಾನಲ್ಲಿರಲಿಲ್ಲ.