ಬಗ್ಗುವ ಹಾಳೆಯನ್ನು ಮಡಚಿದವರು

ಕುಸುಮಾವತಿಯ ಮಳೆಗಾಲದ ಸಂಬಳ ಇವತ್ತಿಗೂ ಬಂದಿಲ್ಲ. ಮಳೆ ನಿಂತಿತು, ಓಣಂ ಮುಗಿಯಿತು, ಅಂಗಳದ ಹೂರಂಗೋಲಿ, ಪೂಕ್ಕಳಂ, ಬಾಡಿ ಗುಡಿಸಿ ಹಾಕಿದ್ದೂ ಆಯಿತು. "ಶಂಬಳಂ ಕಿಟ್ಟಿಯೋ ಅಮ್ಮೇ?", ಸಂಬಳ ಸಿಕ್ಕಿತೇ ಎಂದು ಮಗಳು ಅಪೂರ್ವಾ ಮಲಯಾಳದಲ್ಲಿ ಕೇಳುತ್ತಾಳೆ. ಇವಳು ತನ್ನ ಕಾಸರಗೋಡಿನ ಕನ್ನಡದಲ್ಲಿ, "ಇಲ್ಲ ಮಾರಾಯ್ತಿ" ಅನ್ನುತ್ತಾಳೆ.

ಕೊಚ್ಚಿ ಪಕ್ಕದ ಕಳಮಶ್ಶೇರಿಯ ಒಂದು ಲ್ಯಾಬಿನಲ್ಲಿ ಅವಳು ಗುತ್ತಿಗೆ ಟೆಕ್ನಿಷಿಯನ್. ಇಂಕ್‌ಜೆಟ್ ಪ್ರಿಂಟರಿಗೆ ಬೆಳ್ಳಿಯ ಶಾಯಿ ತುಂಬಿ, ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ಕೂದಲೆಳೆಯಂಥ ಗೆರೆ ಎಳೆಸಬೇಕು, ಆಮೇಲೆ ಹದವಾಗಿ ಕಾಯಿಸಬೇಕು. ಆಗ ಅದು ಫಿಲ್ಟರ್: ಗಾಳಿಯಲ್ಲಿ ಗಿಜಿಗುಡುವ ರೇಡಿಯೊ ಅಲೆಗಳಲ್ಲಿ ಬೇಕಾದ್ದನ್ನು ಒಳಬಿಟ್ಟು ಉಳಿದದ್ದನ್ನು ತಡೆಯುತ್ತದೆ. ಕೊಚ್ಚಿಯ ಮಳೆಗಾಲದಲ್ಲಿ ಡಬ್ಬಿಯ ಉಪ್ಪೇ ನೀರಾಗುತ್ತದೆ, ಇನ್ನು ಶಾಯಿ ಕೇಳಬೇಕೆ? ಗೆರೆ ಹರಡಿ ಪಕ್ಕದ್ದಕ್ಕೆ ತಾಗಿತೋ, ಹಾಳೆ ಕಸದ ಬುಟ್ಟಿಗೆ. ಬುಟ್ಟಿ ತುಂಬಿ ತುಂಬಿ, ಕೊನೆಗೊಂದು ಸರಿ ಬಂತು.

ಅದನ್ನು ಎರಡು ರಟ್ಟಿನ ನಡುವೆ ಇಟ್ಟು, ರೈಲಿನುದ್ದಕ್ಕೂ ಮಡಿಲಲ್ಲೇ ಹಿಡಿದು ತಿರುವನಂತಪುರಕ್ಕೆ ಒಯ್ದಳು. ಅಲ್ಲಿನ ಪಟ್ಟಂನಲ್ಲಿ, ಪ್ರಾಜೆಕ್ಟಿಗೆ ದುಡ್ಡು ಕೊಡುವವರ ಕಚೇರಿಯಲ್ಲಿ ಸಭೆ. ಪ್ರಾಜೆಕ್ಟಿನ ಮುಖ್ಯಸ್ಥ, ಮೈಸೂರಿನ ಗುರುಕಿರಣ್, ಹಾಳೆಯನ್ನು ತೋಳಿಗೆ ಸುತ್ತಿ ತೋರಿಸಿದರು. ಇಂಥ ಸಭೆಗಳಿಗೊಂದು ಚಟ: ಬಗ್ಗುತ್ತದೆ ಅಂದರೆ ಬಂದವರೆಲ್ಲ ಬಗ್ಗಿಸಿ ನೋಡಲೇಬೇಕು. ಕೈಯಿಂದ ಕೈಗೆ ದಾಟಿತು. ಕೊನೆಗೆ ಅಧ್ಯಕ್ಷರು ಅದನ್ನು ಬಸ್ ಟಿಕೆಟಿನಂತೆ ನಾಲ್ಕಾಗಿ ಮಡಚಿ, ಉಗುರಿನಿಂದ ತೀಡಿ, ಅಂಗಿ ಜೇಬಿಗೆ ಹಾಕಿಕೊಂಡರು. ನಗೆಯೋ ನಗೆ.

"ಸರ್, ಬಗ್ಗಿಸಬಹುದು, ಮಡಚಬಾರದು. ಬೆಳ್ಳಿ ಬಿರಿಯುತ್ತದೆ!" ಎಂದಳು ಕುಸುಮಾವತಿ.

"ಸುಮ್ನಿರಮ್ಮ, ದೊಡ್ಡೋರು" ಎಂದು ಗುರುಕಿರಣ್ ಕನ್ನಡದಲ್ಲಿ ಪಿಸುಗುಟ್ಟಿದರು.

ಊಟವಾದ ಮೇಲೆ ಪರೀಕ್ಷೆ. ಜೇಬಿನಿಂದ ಬಂದ ಹಾಳೆ ಸತ್ತಿತ್ತು. "ಪ್ರಿಂಟಿಂಗೇ ಸರಿ ಇಲ್ಲ" ಅಂದರು ಅಧ್ಯಕ್ಷರು, ಮಡಚಿದ್ದೂ ಅವರದೇ ಕೈ! ಗುರುಕಿರಣ್ ಹೌದೆಂದು ತಲೆಯಾಡಿಸಿದರು. ಪ್ರಾಜೆಕ್ಟಿನ ಕಂತು ನಿಂತಿತು, ಅದರ ಜೊತೆ ಇವಳ ಸಂಬಳವೂ. ಗುರುಕಿರಣರದ್ದು ನಿಲ್ಲಲಿಲ್ಲ, ಅವರದು ಖಾಯಂ ನೌಕರಿ.

ಹೊರಗೆ ಬಂದಾಗ ಇವಳು ಅವರನ್ನು ತಡೆದು ನಿಲ್ಲಿಸಿದಳು. "ಇದೆಂತ ಸರ್? ನೀವು ಕಣ್ಣಾರೆ ಕಂಡಿದ್ದೀರಿ."

"ಕಂಡೆ ಕಣಮ್ಮ. ಅವರ ಮುಖಕ್ಕೆ ಹೇಳೋಕಾಗುತ್ತಾ? ಮುಂದಿನ ವರ್ಷ ಗ್ರಾಂಟ್ ಬೇಡ್ವಾ?"

"ನನಗೆ ಈ ತಿಂಗಳ ಬಾಡಿಗೆ ಬೇಕು. ಮುಂದಿನ ವರ್ಷವನ್ನು ನೀವೇ ಇಟ್ಟುಕೊಳ್ಳಿ."

ಈಗ ಇನ್ನೊಂದು ಹಾಳೆ ಮಾಡಿಟ್ಟಿದ್ದಾಳೆ, ಬಿಟ್ಟಿಯಾಗಿ. ಮತ್ತೆ ಪರೀಕ್ಷಿಸಿ ಅಂದರೆ ಪಟ್ಟಂ ಕಚೇರಿಯವರು, "ಮೊದಲನೆಯದು ಮಡಚಿ ಕೆಟ್ಟಿತು ಅಂತ ನಿಮ್ಮನ್ನು ಬಿಟ್ಟು ಸಭೆಯಲ್ಲಿದ್ದ ಒಬ್ಬರಾದರೂ ಹೇಳಲಿ" ಅನ್ನುತ್ತಾರೆ. ಒಬ್ಬರೂ ಹೇಳಿಲ್ಲ. ಅಲ್ಲಿ ಬಾಳೆಹಣ್ಣಿನ ಪಳಂಪೊರಿ ತಿಂದು, ಚಹಾ ಕುಡಿದು, ನಕ್ಕವರಲ್ಲಿ ಕನ್ನಡದವರೂ ಇದ್ದರು. ಇದನ್ನು ಓದುತ್ತಿರುವ ನೀವು ಅವರಲ್ಲೊಬ್ಬರಾದರೆ, ಅಥವಾ ಅವರ ಪಕ್ಕದ ಮನೆಯವರಾದರೆ, ಮರುಕ ಬೇಡ. ನಾಳೆ ಪಟ್ಟಂಗೆ ಹೋಗಿ, ಮಡಚಿದ್ದು ಯಾರೆಂದು ಹೆಸರು ಹಿಡಿದು ಹೇಳಿ. ಹೋಗುತ್ತೀರೋ, ಇಲ್ಲವೋ?