ಅಮಾವಾಸ್ಯೆಯ ಒಗ್ಗರಣೆ

ನಂಬದೇ ಇರಿ, ನೋಡೋಣ. ಎಪ್ಪತ್ತೊಂದು ವರ್ಷದ ಮುದುಕ ನಾನು. ಬಾಯಿಂದ ಒಂದು ಸದ್ದೂ ಹೊರಡಿಸದೆ, ಬರೀ ತುಟಿ ಆಡಿಸಿ, ನನ್ನ ಷಡ್ಡಕನನ್ನು ಜಲ್ಲಿ ಕ್ರಷರ್ ಪಕ್ಕದ ಜಮೀನಿಗೆ ತಲೆಕೆಳಗಾಗಿ ಬೀಳಿಸಿದೆ. ಅವನು ನನ್ನ ಹೆಂಡತಿಯ ತಂಗಿಯ ಗಂಡ. ನಮ್ಮ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಹೌದು ಅನ್ನುತ್ತಾರೆ. ಅವನೊಬ್ಬನನ್ನು ಕೇಳಬೇಡಿ. ಅವನ ಹೊಟ್ಟೆಯ ಉರಿ ಇನ್ನೂ ಆರಿಲ್ಲ. ಆರಬಾರದು ಅಂತಲೇ ನಾನು ಆಗಾಗ ಊದುತ್ತಿರುತ್ತೇನೆ.

ನಾವು ದೊಡ್ಡಬಳ್ಳಾಪುರದ ನೇಕಾರರು. ಮುಂದೆ ಮಗ್ಗದ ಮನೆ, ಅದರಲ್ಲಿ ಆರು ಪವರ್‌ಲೂಮ್. ಹಿಂದೆ ಒಂದು ಗೋಡೆಯಾಚೆ ಅಡುಗೆಮನೆ. ಮಗ್ಗ ಓಡುವಾಗ ಪಕ್ಕದಲ್ಲಿ ಪಟಾಕಿ ಹೊಡೆದರೂ ತಿಳಿಯುವುದಿಲ್ಲ. ಹಾಗಾಗಿ ನಮ್ಮಲ್ಲಿ ಮಾತು ಇರುವುದು ಕಣ್ಣಿಗೆ. ತುಟಿ ಆಡಿಸಿದರೆ ಸಾಕು, ಆರು ಮಗ್ಗದಾಚೆ ನಿಂತ ಹೆಂಡತಿ ಓದಿಕೊಳ್ಳುತ್ತಾಳೆ. ಮದುವೆಯಾದ ಹೊಸದರಲ್ಲಿ ನಮ್ಮಮ್ಮ ಇಬ್ಬರ ಮಧ್ಯೆಯೇ ತಲೆ ಬಗ್ಗಿಸಿ ಕೂತು ನೂಲು ಸುತ್ತುತ್ತಿದ್ದಳು. ಅವಳ ತಲೆಯ ಮೇಲಿಂದ ನಾವು ಆಡದ ಮಾತಿಲ್ಲ.

ಇಂಥ ಮನೆಯಲ್ಲಿ ನಲವತ್ತೈದು ವರ್ಷ ಅಡುಗೆ ಮಾಡಿದವಳು ಸಾಸಿವೆ ಸಿಡಿಯುವುದನ್ನು ನೋಡುತ್ತಾಳೆ, ಕೇಳಿಸಿಕೊಳ್ಳುವುದಿಲ್ಲ. ತಿಂಗಳಿಗೊಂದು ದಿನ, ಅಮಾವಾಸ್ಯೆಗೆ, ಬೀದಿಯ ಮಗ್ಗವೆಲ್ಲ ರಜೆ. ಅವತ್ತು ನಮ್ಮ ಮನೆಯಲ್ಲಿ ಚಿತ್ರಾನ್ನ. ಒಂದು ಚಮಚ ಸಾಕಾಗುವ ಕಡೆ ಒಂದು ಹಿಡಿ ಸಾಸಿವೆ ಎಣ್ಣೆಗೆ ಬೀಳುತ್ತಿತ್ತು. ಅವಳು ಒಲೆಯ ಮುಂದೆ ಕಣ್ಣು ಮುಚ್ಚಿ ನಿಂತಿರುತ್ತಿದ್ದಳು. ಸೀರೆ ನೇಯುವವನ ಹೆಂಡತಿ ಸೀರೆ ಕೇಳಲಿಲ್ಲ, ಒಡವೆಯನ್ನೂ ಕೇಳಲಿಲ್ಲ. ಕೇಳಿದ್ದು ಒಂದೇ: "ರೀ, ದಿನಾ ಸಾಸ್ವೆ ಸದ್ದು ಕೇಳೋ ಕಡೆ ಒಂದು ಮನೆ ಕಟ್ಸಿ."

ಹನ್ನೆರಡು ವರ್ಷದ ಹಿಂದೆ ಅಂಥ ಜಾಗ ಸಿಕ್ಕಿತ್ತು. ತೂಬಗೆರೆ ಕಡೆ ಒಂದು ಎಕರೆ, ಮೂಲೆಯಲ್ಲಿ ಒಂದು ದೊಡ್ಡ ಹೊಂಗೆಮರ. ಮರದ ಕೆಳಗೆ ನಿಂತರೆ ಎಲೆ ಬಿದ್ದದ್ದು ಕೇಳುತ್ತಿತ್ತು. ಮಾರನೇ ದಿನ ಮಗ್ಗದಾಚೆಯಿಂದ ಹೆಂಡತಿಗೆ ತುಟಿಯಲ್ಲೇ ಎಲ್ಲ ಹೇಳಿದೆ. ಜಮೀನು ಯಾರದು, ಎಲ್ಲಿದೆ, ಎಷ್ಟಕ್ಕೆ ಒಪ್ಪಿದ್ದಾರೆ, ಶುಕ್ರವಾರ ಅಡ್ವಾನ್ಸ್ ಕೊಡುತ್ತೇನೆ ಅಂತ. ಷಡ್ಡಕ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ. ನಿಂತಿರಲಿ, ಈ ಸದ್ದಿನಲ್ಲಿ ಅವನಿಗೇನು ಕೇಳುತ್ತದೆ ಅಂದುಕೊಂಡೆ. ಅವನೂ ಮಗ್ಗದ ಮನೆಯಲ್ಲೇ ಹುಟ್ಟಿ ಬೆಳೆದವನು ಅನ್ನುವುದು ನನ್ನ ತಲೆಗೆ ಬರಲಿಲ್ಲ. ಗುರುವಾರವೇ ಅವನು ಹೋಗಿ ಅಡ್ವಾನ್ಸ್ ಕೊಟ್ಟು ಬಂದಿದ್ದ.

ವರ್ಷ ತಿರುಗುವುದರಲ್ಲಿ ಮನೆ ಎದ್ದಿತು. ಗೃಹಪ್ರವೇಶಕ್ಕೆ ನಮ್ಮನ್ನೂ ಕರೆದ. ವಾಲಗದವರು ಕಿವಿ ಹರಿಯುವಂತೆ ಊದುತ್ತಿದ್ದರು. ನಾನು ಹೆಂಡತಿಗೆ ತುಟಿಯಲ್ಲೇ ಅಂದೆ, "ಕಳ್ಳ ನನ್ಮಗ, ನಮ್ಮ ಮರದ ಕೆಳಗೇ ಚಪ್ಪರ ಹಾಕವ್ನೆ ನೋಡು." ಹಜಾರದ ಆ ತುದಿಯಿಂದ ಷಡ್ಡಕ ನಕ್ಕು, ತುಟಿಯಲ್ಲೇ ಉತ್ತರ ಕೊಟ್ಟ: "ಊಟ ಮಾಡ್ಕೊಂಡೇ ಹೋಗ್ಬೇಕು ಅಣ್ಣ." ಆಗ ಗೊತ್ತಾಯಿತು ನನಗೆ, ಜಮೀನು ಹೇಗೆ ಹೋಯಿತು ಅಂತ.

ಹೆಂಡತಿಗೆ ಹೇಳಿದರೆ ನಂಬಲಿಲ್ಲ. "ನಿಮ್ಮ ಬಡಾಯಿ ಬಾಯಿ. ಊರೆಲ್ಲಾ ಹೇಳ್ಕೊಂಡ್ ತಿರುಗಿರ್ತೀರ. ಪಾಪ, ಅವನ ಮೇಲೆ ಹಾಕ್ಬೇಡಿ," ಅಂದಳು. ಅವತ್ತು ಬುಧವಾರ. ತಂಗಿಯ ಹೊಸ ಅಡುಗೆಮನೆಯಲ್ಲಿ ಅವಳೇ ಸಾರಿಗೆ ಒಗ್ಗರಣೆ ಹಾಕಿದಳಂತೆ. ಅಮಾವಾಸ್ಯೆಯಲ್ಲದ ದಿನ ಸಾಸಿವೆ ಸದ್ದು ಕೇಳಿದ್ದು ಅದೇ ಮೊದಲು. ಮನೆಗೆ ಬಂದವಳು ಮೂರು ದಿನ ಮಾತಾಡಲಿಲ್ಲ. ತುಟಿಯಲ್ಲೂ ಇಲ್ಲ.

ನಾನು ಸಾಮಾನ್ಯದವನಲ್ಲ. ಇದೇ ಷಡ್ಡಕನ ಮದುವೆಯಲ್ಲಿ ಅವನ ಪಂಚೆಯನ್ನು ಕೂತ ಜಮಖಾನಕ್ಕೆ ಸೂಜಿ ದಾರದಲ್ಲಿ ಹೊಲಿದವನು ನಾನು. ಧಾರೆಗೆ ಎದ್ದಾಗ ಜಮಖಾನವೂ ಎದ್ದಿತು, ಅದರ ಮೇಲೆ ಕೂತಿದ್ದ ನಾಲ್ಕು ಜನ ಮುದುಕರು ಉರುಳಿದರು. ಅಂಥವನು ಸುಮ್ಮನಿರುತ್ತೇನೆಯೇ? ಆದರೆ ಕೆಲವಕ್ಕೆ ಪಂಚೆ ಹೊಲಿದರೆ ಸಾಲದು. ಕಾದೆ.

ಹೋದ ವರ್ಷಕ್ಕೆ ಹಿಂದಿನ ವರ್ಷ ಕಿವಿ ಡಾಕ್ಟರು ಹೆಂಡತಿಯನ್ನು ನೋಡಿ, ಎಡಗಿವಿ ಹೋಗಿದೆ, ಬಲಗಿವಿಯೂ ಬಹಳ ದಿನ ಬರುವುದಿಲ್ಲ ಅಂದರು. ಮಗಳು ಅವತ್ತೇ ಸಂಜೆ, "ಅಪ್ಪಾ, ಇನ್ನು ಯೋಚ್ನೆ ಮಾಡ್ಕೊಂಡ್ ಕೂತ್ಕೊಳ್ಳೋ ಟೈಮಿಲ್ಲ," ಅಂದಳು. ಅಳಿಯನ ಕಾರಿನಲ್ಲಿ ನಾಲ್ಕೂ ಜನ ಜಮೀನು ಹುಡುಕಲು ಹೊರಟೆವು. ದಕ್ಷಿಣಕ್ಕೆ ಹೋದರೆ ಬೆಂಗಳೂರೇ ಎದುರು ಬರುತ್ತದೆ. ಅದಕ್ಕೆ ಪೂರ್ವಕ್ಕೋ ಉತ್ತರಕ್ಕೋ ಹೋಗುತ್ತಿದ್ದೆವು. ಮಗ್ಗ ಬಿಟ್ಟು ಬರಲಾಗುವುದು ಅಮಾವಾಸ್ಯೆಗೆ ಮಾತ್ರ. ಹಾಗಾಗಿ ತಿಂಗಳಿಗೊಂದು ಜಮೀನು.

ಡಿಕ್ಕಿಯಲ್ಲಿ ಒಂದು ಚಿಕ್ಕ ಗ್ಯಾಸ್ ಒಲೆ, ಬಾಣಲೆ, ಎಣ್ಣೆ, ಒಗ್ಗರಣೆ ಡಬ್ಬಿ. ಬೇರೆಯವರು ಬೋರ್‌ವೆಲ್ ನೋಡುತ್ತಾರೆ, ದಾರಿ ನೋಡುತ್ತಾರೆ. ನನ್ನ ಹೆಂಡತಿ ಬದುವಿನ ಮೇಲೆ ಕೂತು ಒಲೆ ಹಚ್ಚುತ್ತಾಳೆ. ದೇವನಹಳ್ಳಿ ಹತ್ತಿರದ ಮೊದಲ ಜಮೀನಿನಲ್ಲಿ ಸಾಸಿವೆ ಎಣ್ಣೆಗೆ ಬೀಳುವುದಕ್ಕೂ ತಲೆ ಮೇಲೆ ವಿಮಾನ ಹಾಯುವುದಕ್ಕೂ ಸರಿಹೋಯಿತು. ಎರಡನೆಯದರ ಪಕ್ಕ ಕೋಳಿ ಫಾರಂ. ಮೂರನೆಯ ಕಡೆ ಅಳಿಯ ಫೋನ್ ತಿರುಗಿಸುತ್ತಾ, "ಮಾವ, ಮ್ಯಾಪಲ್ಲಿ ಇಲ್ಲೊಂದು ಕೆರೆ ತೋರಿಸ್ತಿದೆ," ಅಂದ.

"ತೋರಿಸುತ್ತೆ ಕಣಪ್ಪಾ. ಲೇಔಟ್ ಮಾಡ್ದೋರಿಗೆ ಆ ಮ್ಯಾಪ್ ಸಿಕ್ಕಿಲ್ಲ ಅನ್ಸುತ್ತೆ," ಅಂದೆ.

ಆರನೆಯ ಅಮಾವಾಸ್ಯೆಗೆ ಸಾಸಲು ದಾಟಿ ಹೋದೆವು. ಒಂದೂವರೆ ಎಕರೆ ಇಳಿಜಾರು, ಸುತ್ತ ನೀಲಗಿರಿ, ಒಂದು ಕಡೆ ದೊಡ್ಡ ದಿಬ್ಬ. ಹೆಂಡತಿ ಒಲೆ ಹೂಡಿದ್ದನ್ನು ನೋಡಿ ಜಮೀನಿನ ಯಜಮಾನ, "ಏನವ್ವಾ, ಹೊಲ ನೋಡಕ್ ಬಂದ್ರಾ, ಒಲೆ ಹಚ್ಚಕ್ ಬಂದ್ರಾ?" ಅಂತ ನಕ್ಕ. ಅವಳು ಬಲಗಿವಿಯನ್ನು ಬಾಣಲೆಯತ್ತ ವಾಲಿಸಿ, ಒಂದು ಹಿಡಿ ಸಾಸಿವೆ ಸುರಿದಳು. ಸಿಡಿಯಿತು. ಕೊನೆಯ ಕಾಳಿನವರೆಗೂ ಕೇಳಿದಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಇಲ್ಲೇ ಸಾಕು ರೀ," ಅಂದಳು.

ಆ ಸಂಭ್ರಮದಲ್ಲಿ ಒಗ್ಗರಣೆ ಡಬ್ಬಿಯನ್ನು ಅಲ್ಲೇ ಮರೆತು ಬಂದಳು. ನಾಲ್ಕು ದಿನ ಬಿಟ್ಟು ನಾನೊಬ್ಬನೇ ಮೊಪೆಡ್ಡಿನಲ್ಲಿ ತರಲು ಹೋದೆ. ದಿಬ್ಬದಾಚೆಯಿಂದ ನೂರು ಮಗ್ಗ ಒಟ್ಟಿಗೆ ಓಡಿದಂಥ ಸದ್ದು. ನೀಲಗಿರಿ ಎಲೆಗಳ ಮೇಲೆಲ್ಲ ಬಿಳೀ ಧೂಳು; ಅವತ್ತು ಅದನ್ನು ದಾರಿಯ ಧೂಳು ಅಂದುಕೊಂಡಿದ್ದೆವು. ಜಲ್ಲಿ ಕ್ರಷರ್! ಯಜಮಾನನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ, "ಅವತ್ತು ಇದು ಇರ್ಲಿಲ್ವಲ್ಲಾ!"

"ಅಮಾಸೆಗೆ ನಿಲ್ಸಿ ಪೂಜೆ ಮಾಡ್ತಾರೆ ಸ್ವಾಮಿ. ನೀವ್ ಕೇಳ್ಲಿಲ್ಲ, ನಾನ್ ಹೇಳ್ಲಿಲ್ಲ."

ಆರು ತಿಂಗಳು ಸದ್ದಿಲ್ಲದ ಜಾಗವನ್ನು ಹುಡುಕಿದ ನಾವು, ಹುಡುಕಿದ್ದೆಲ್ಲ ಸದ್ದಿಲ್ಲದ ದಿನದಲ್ಲೇ. ದಾರಿಯುದ್ದಕ್ಕೂ ಮೊಪೆಡ್ಡಿನ ಮೇಲೆ ಅತ್ತೆ. ಮರಳೇನಹಳ್ಳಿ ಹತ್ತಿರ ಬರುವಷ್ಟರಲ್ಲಿ ಅಳು ನಿಂತು ನಗು ಶುರುವಾಗಿತ್ತು. ಷಡ್ಡಕ ಫಾರ್ಮ್‌ಸ್ಟೇ ಕಟ್ಟಲು ಜಾಗ ಹುಡುಕುತ್ತಿದ್ದಾನೆ ಅನ್ನುವುದು ನೆನಪಾಗಿತ್ತು. ಬೆಂಗಳೂರಿನವರಿಗೆ ರೂಮಿನ ಜೊತೆ ನಿಶ್ಶಬ್ದವನ್ನೂ ಬಾಡಿಗೆಗೆ ಕೊಡುವ ಯೋಜನೆ ಅವನದು.

ಹೆಂಡತಿಗೆ ಡಬ್ಬಿ ಕೊಟ್ಟೆ. ಕ್ರಷರಿನ ಮಾತು ಎತ್ತಲಿಲ್ಲ. ಮೂರು ವಾರ ಅವಳು ಅಡುಗೆಮನೆ ಯಾವ ದಿಕ್ಕಿಗೆ ಬರಬೇಕು, ಕರಿಬೇವು ಎಲ್ಲಿ ನೆಡಬೇಕು ಅಂತ ಹೇಳುತ್ತಲೇ ಇದ್ದಳು. ನಾನು ಹೂಂಗುಟ್ಟುತ್ತಲೇ ಇದ್ದೆ.

ಮುಂದಿನ ಅಮಾವಾಸ್ಯೆಯ ಹಿಂದಿನ ದಿನ ಷಡ್ಡಕ ಕಾಫಿಗೆ ಬಂದ. ಆರೂ ಮಗ್ಗ ಓಡುತ್ತಿದ್ದವು. ಅವನು ಬಾಗಿಲಲ್ಲಿ ನಿಂತ. ನಾನು ಅವನಿಗೆ ಮುಖ ಚೆನ್ನಾಗಿ ಕಾಣುವಂತೆ ತಿರುಗಿ, ಹೆಂಡತಿಗೆ ತುಟಿಯಲ್ಲೇ ಹೇಳಿದೆ, "ನಾಳೆ ಅಮಾಸೆ, ಅಡ್ವಾನ್ಸ್ ಕೊಡಬಾರದು. ನಾಡಿದ್ದು ಸಾಸಲಿಗೆ ಹೋಗಿ ಕೊಟ್ಬಿಡ್ತೀನಿ. ನೀಲಗಿರಿ ತೋಪಿನ ಹಿಂದಿನ ಒಂದೂವರೆ ಎಕರೆ. ಅಂಥ ಮೌನ ಈ ತಾಲ್ಲೂಕಲ್ಲೇ ಇಲ್ಲ."

ಅವಳ ಮುಖ ಅರಳಿತು. ಅದು ನಾಟಕವಲ್ಲ, ನಿಜ. ಅದನ್ನು ನೋಡಿಯೇ ಷಡ್ಡಕ ನಂಬಿದ. ಅರ್ಧ ಲೋಟ ಕಾಫಿ ಬಿಟ್ಟು, "ಬರ್ತೀನಿ ಅಕ್ಕ," ಅಂತ ಕೈ ಮಾಡಿ ಹೋದ. ಅಮಾವಾಸ್ಯೆ ಬೆಳಿಗ್ಗೆ ಸಾಸಲು ಸೇರಿ, ಮೌನ ಕೇಳಿ, ಅಲ್ಲೇ ಅಗ್ರಿಮೆಂಟ್ ಬರೆಸಿ ಅರ್ಧ ದುಡ್ಡು ಕೊಟ್ಟ. ಅಮಾವಾಸ್ಯೆಯ ದಿನ ಜಮೀನಿಗೆ ದುಡ್ಡು ಕೊಡುವ ಗಂಡು ನಮ್ಮ ಬೀದಿಯಲ್ಲಿ ಅವನೊಬ್ಬನೇ.

ಎರಡು ದಿನಕ್ಕೆ ಬಂದ. ಮಗ್ಗಗಳು ಓಡುತ್ತಿದ್ದವು. ಅದೇ ಬಾಗಿಲು. ಕೂದಲ ಮೇಲೆ ಬಿಳೀ ಧೂಳು. ಕೂಗಿದರೆ ಪ್ರಯೋಜನವಿಲ್ಲ ಅಂತ ಅವನಿಗೂ ಗೊತ್ತು. ತುಟಿ ಆಡಿಸಿದ.

"ಅಣ್ಣ, ಕ್ರಷರ್ ಇರೋದು ನಿಂಗೆ ಗೊತ್ತಿತ್ತಾ?"

"ಯಾವ ಕ್ರಷರ್ ಗುರು? ನಿನ್ ಹತ್ರ ನಾನೇನೂ ಮಾತಾಡೇ ಇಲ್ವಲ್ಲಾ. ನಾನ್ ಮಾತಾಡಿದ್ದು ನನ್ ಹೆಂಡ್ತಿ ಹತ್ರ."

"ಬೇಕೂಂತ್ಲೇ ಬಾಯಿ ಆಡಿಸ್ದೆ."

"ನೀನ್ಯಾಕ್ಲಾ ಓದ್ದೆ? ಹತ್ತು ವರ್ಷದ ಹಿಂದೆ ಓದಿದ್ದು ಅರಗ್ಲಿಲ್ವಾ?"

"ಅವತ್ತು ನೀನೇ ಬಾಯಿ ತೆರ್ಕೊಂಡು ನಿಂತಿದ್ದೆ. ಕಣ್ಣಿಗ್ ಬಿತ್ತು, ತಗೊಂಡೆ. ಇವತ್ತಿಂದು ದ್ರೋಹ."

ಥಟ್ಟನೆ ಆರೂ ಮಗ್ಗ ನಿಂತವು. ತಿರುಗಿ ನೋಡಿದರೆ ಹೆಂಡತಿಯ ಕೈ ಮೇನ್ ಸ್ವಿಚ್ಚಿನ ಮೇಲಿತ್ತು. ನಮ್ಮಿಬ್ಬರ ಬಾಯನ್ನೂ ಅವಳು ಪಕ್ಕದಲ್ಲೇ ನಿಂತು ಓದಿದ್ದಳು. ನನ್ನ ಬುದ್ಧಿಗೆ ಏನು ಹೇಳಲಿ, ಅದೇ ತಪ್ಪನ್ನು ಎರಡನೇ ಸಲ ಮಾಡಿದ್ದೆ.

ಮೊದಲು ನನ್ನ ಕಡೆ ತಿರುಗಿದಳು. "ಮೂರು ವಾರ. ಕರಿಬೇವು ಎಲ್ಲಿ ನೆಡ್ಲಿ ಅಂತ ಕೇಳ್ತಿದ್ದೆ. ನನ್ನ ಆಸೇನ ತಗೊಂಡು ಗಾಳಕ್ಕೆ ಸಿಕ್ಕಿಸಿದ್ರಲ್ಲಾ ರೀ."

ನಾನು ತಲೆ ತಗ್ಗಿಸಿದೆ. ಆಮೇಲೆ ಅವಳು ಅವನನ್ನು ನೋಡಿದಳು. ಮಗ್ಗ ನಿಂತ ಮನೆಯಲ್ಲಿ ಅವಳ ದನಿ ಬಹಳ ಜೋರಾಗಿತ್ತು. ಕಿವಿ ಹೋಗುತ್ತಿರುವವರ ದನಿ ಹಾಗೆಯೇ.

"ಹೊಂಗೆಮರದ ಜಾಗ ಇವರ ಬಾಯಿಂದ ಕದ್ದೆ ಅಂತ ನನ್ನ ತಂಗಿಗೆ ಗೊತ್ತೇನಪ್ಪಾ?"

ಅವನು ತಲೆಗೂದಲ ಧೂಳು ಕೊಡವಿಕೊಂಡ.

"ಅವಳಿಗೇನು ಹೇಳಿದ್ದೀಯ?"

"ಅಣ್ಣ ನೋಡಿ ಬೇಡ ಅಂದ್ರು ಅಂತ... ಅಕ್ಕ, ಅವಳಿಗೆ ಮಾತ್ರ ಹೇಳ್ಬೇಡಿ."

ಹೆಂಡತಿ ಫೋನ್ ಎತ್ತಿಕೊಂಡಳು. ಒತ್ತಲಿಲ್ಲ, ಸುಮ್ಮನೆ ಹಿಡಿದು ನಿಂತಳು. ಪಂಚೆ ಹೊಲಿಯುವುದು, ತುಟಿ ಆಡಿಸುವುದು ಎಲ್ಲ ನನ್ನ ಮಟ್ಟದ್ದು. ಇದು ಬೇರೆಯೇ ಮಟ್ಟ. ಷಡ್ಡಕ ಹೊಸ್ತಿಲ ಮೇಲೆ ಕೂತ. ಅವನು ಕೂತಲ್ಲೇ ತೀರ್ಮಾನವಾಯಿತು: ಅವನ ಎಕರೆಯ ಹಿಂಭಾಗ, ಹೊಂಗೆಮರ ಸೇರಿ ಹತ್ತು ಗುಂಟೆ ನಮಗೆ. ಅವನು ಕೊಂಡ ಬೆಲೆಗೇ.

ಎರಡು ಕೋಣೆಯ ಮನೆ ಕಟ್ಟಿದೆವು. ಮಗ್ಗಗಳನ್ನು ಬಾಡಿಗೆಗೆ ಬಿಟ್ಟು ಈ ಬೇಸಿಗೆಯಲ್ಲಿ ಬಂದು ಸೇರಿದೆವು. ಮೊದಲ ದಿನ ಹಾಲುಕ್ಕಿಸಿದ ಮೇಲೆ ಹೆಂಡತಿ ಒಂದು ಹಿಡಿ ಸಾಸಿವೆ ಹಾಕಿ ಕಣ್ಣು ಮುಚ್ಚಿ ನಿಂತಳು. ಚಟಪಟ ಸಿಡಿದ ಅಷ್ಟೂ ಸದ್ದನ್ನು ಕೇಳಿ ನಕ್ಕಳು.

ಷಡ್ಡಕನ ಒಂದೂವರೆ ಎಕರೆಯನ್ನು ಕೊಳ್ಳುವವರು ಇನ್ನೂ ಬಂದಿಲ್ಲ. ಬರುವವರನ್ನು ಅಮಾವಾಸ್ಯೆಗೇ ಕರೆದೊಯ್ಯುತ್ತಾನಂತೆ. ಪಕ್ಕದ ಮನೆಯವನಾದ್ದರಿಂದ ದಿನಾ ಕಣ್ಣಿಗೆ ಬೀಳುತ್ತಾನೆ. ನಾನು ಬೇಲಿಯ ಹತ್ತಿರ ಸ್ಟೂಲ್ ಹಾಕಿಕೊಂಡು ಕೂರುತ್ತೇನೆ. ಅವನು ಹಾದುಹೋಗುವಾಗ ತುಟಿ ಆಡಿಸುತ್ತೇನೆ. ಅದರಲ್ಲಿ ಮಾತಿಲ್ಲ, ಅರ್ಥವಿಲ್ಲ, ಸುಮ್ಮನೆ ಮೆಲುಕು. ಅವನು ನಿಂತು, ಕಣ್ಣು ಕಿರಿದು ಮಾಡಿ, ಓದಲು ಒದ್ದಾಡುತ್ತಾನೆ. "ಏನಣ್ಣ? ಏನಂದೆ?" ಅನ್ನುತ್ತಾನೆ. "ನಾನೆಲ್ಲಿ ಏನಂದೆ?" ಅನ್ನುತ್ತೇನೆ. ರಾತ್ರಿ ನಿದ್ದೆ ಬರುವುದಿಲ್ಲ ಅಂತ ತನ್ನ ಹೆಂಡತಿಯ ಹತ್ತಿರ ಹೇಳಿಕೊಂಡನಂತೆ.

ಸಾಕಲ್ಲವೇ, ಇನ್ನು ಬಿಟ್ಟುಬಿಡಿ ಅನ್ನುತ್ತಾಳೆ ಮಗಳು. ಬಿಡುವುದಿಲ್ಲ. ಯಾಕೆ ಅಂದರೆ, ಇಷ್ಟರಲ್ಲಿ ಒಂದೇ ಒಂದು ಮಾತು ನಾನು ಕಟ್ಟಿ ಹೇಳಿದ್ದು. ಹೊಸ ಮನೆಯಲ್ಲಿ ಹೆಂಡತಿ ಸಾಸಿವೆ ಸದ್ದು ಕೇಳಿ ನಕ್ಕಳು ಅಂದೆನಲ್ಲ, ಅದು. ಮನೆ ಮುಗಿಯುವಷ್ಟರಲ್ಲಿ ಬಲಗಿವಿಯೂ ಹೋಗಿತ್ತು. ಅವಳು ಕೊನೆಯ ಸಲ ಪೂರ್ತಿಯಾಗಿ ಕೇಳಿದ್ದು ಆ ಕ್ರಷರ್ ಪಕ್ಕದ ಬದುವಿನ ಮೇಲೆ. ಹೊಸ ಒಲೆಯ ಮುಂದೆ ಅವಳು ಬಾಣಲೆ ನೋಡಿದಳು, ಆಮೇಲೆ ನನ್ನ ಬಾಯಿ ನೋಡಿದಳು. "ಸಿಡೀತಿದೆ ಕಣೇ, ಜೋರಾಗಿ," ಅಂತ ನಾನು ತುಟಿ ಆಡಿಸಿದೆ. ಅವಳು ಹೌದು ಅಂತ ತಲೆಯಾಡಿಸಿದಳು. ಷಡ್ಡಕ ಹತ್ತು ಗುಂಟೆ ಹಿಂದಕ್ಕೆ ಕೊಟ್ಟ. ಆ ಹನ್ನೆರಡು ವರ್ಷ ಕೊಟ್ಟಿಲ್ಲ.